ಬಡ ಬಡಾವಣೆಗೆ ಬಂದ ದುಬಾರಿ ದಿನಸಿ ಮಳಿಗೆ: ಎಂಗಲ್‌ವುಡ್ ಕಲಿಸಿದ ಪಾಠ

ಅಮೆರಿಕದ ಶಿಕಾಗೊ ನಗರದ ದಕ್ಷಿಣ ಭಾಗದಲ್ಲಿರುವ ಎಂಗಲ್‌ವುಡ್ ಬಡಾವಣೆಯಲ್ಲಿ 2016ರ ಸೆಪ್ಟೆಂಬರ್ 28ರಂದು ಹೋಲ್ ಫುಡ್ಸ್ ಕಂಪನಿಯ ದಿನಸಿ ಮಳಿಗೆ ಆರಂಭವಾದಾಗ ಅದು ದೇಶದಾದ್ಯಂತ ಸುದ್ದಿಯಾಯಿತು. ಸಾವಯವ ತರಕಾರಿ, ಉತ್ಕೃಷ್ಟ ಆಹಾರ ಪದಾರ್ಥಗಳಿಗೆ ಹೆಸರಾದ ಈ ಕಂಪನಿಯ ದುಬಾರಿ ದರವನ್ನು ಕಂಡು ಗ್ರಾಹಕರು ಅದನ್ನು ‘ಹೋಲ್ ಪೇಚೆಕ್’ (ಇಡೀ ಸಂಬಳ) ಎಂದು ಹಾಸ್ಯ ಮಾಡುವುದುಂಟು. ಅಂಥ ಕಂಪನಿಯನ್ನು ನಗರದ ಅತಿ ಬಡ ಪ್ರದೇಶಗಳಲ್ಲೊಂದಕ್ಕೆ ಕರೆತರುವಲ್ಲಿ ನಗರಾಡಳಿತ ಯಶಸ್ವಿಯಾಗಿತ್ತು. ಆದರೆ ಆರೇ ವರ್ಷಗಳಲ್ಲಿ, 2022ರ ನವೆಂಬರ್ 13ರಂದು, ಆ ಮಳಿಗೆ ಬಾಗಿಲು ಮುಚ್ಚಿತು.

ಮಳಿಗೆಯನ್ನು ಕರೆತರುವುದು ಹೇಗೆ ಎಂಬ ಪ್ರಶ್ನೆಗೆ ಎಂಗಲ್‌ವುಡ್ ಉತ್ತರ ಕಂಡುಕೊಂಡಿತ್ತು. ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಏನಿದು ‘ಆಹಾರ ಮರುಭೂಮಿ’?

ಬೀದಿಗೊಂದು ದಿನಸಿ ಅಂಗಡಿ, ಮನೆ ಬಾಗಿಲಿಗೆ ತರಕಾರಿ ಗಾಡಿ ಬರುವ ಊರುಗಳಲ್ಲಿ ಬೆಳೆದವರಿಗೆ ಈ ಸಮಸ್ಯೆ ವಿಚಿತ್ರವೆನಿಸಬಹುದು. ಅಮೆರಿಕದ ನಗರಗಳಲ್ಲಿ ದಿನಸಿ ವ್ಯಾಪಾರ ಬಹುಮಟ್ಟಿಗೆ ದೊಡ್ಡ ಸರಪಳಿ ಮಳಿಗೆಗಳ ಕೈಯಲ್ಲಿದೆ. ಅವು ಬಡಾವಣೆಯನ್ನು ತೊರೆದರೆ ಉಳಿಯುವುದು ಚಿಪ್ಸ್, ತಂಪು ಪಾನೀಯ, ಸಿಗರೇಟು ಮಾರುವ ಮೂಲೆಯಂಗಡಿಗಳು ಮಾತ್ರ. ಬಡತನ ಹೆಚ್ಚಿದ್ದು, ಗಣನೀಯ ಸಂಖ್ಯೆಯ ನಿವಾಸಿಗಳಿಗೆ ದೊಡ್ಡ ದಿನಸಿ ಮಳಿಗೆಯು ನಗರದಲ್ಲಾದರೆ 1 ಮೈಲಿ, ಗ್ರಾಮೀಣ ಭಾಗದಲ್ಲಾದರೆ 10 ಮೈಲಿಗಿಂತ ದೂರವಿರುವ ಪ್ರದೇಶವನ್ನು ಅಮೆರಿಕದ ಕೃಷಿ ಇಲಾಖೆ ‘ಆಹಾರ ಮರುಭೂಮಿ’ ಎಂದು ಗುರುತಿಸುತ್ತಾ ಬಂದಿದೆ.

ಎಂಗಲ್‌ವುಡ್ ಹಿಂದೆ ಹೀಗಿರಲಿಲ್ಲ. 63ನೇ ರಸ್ತೆ ಹಾಗೂ ಹಾಲ್‌ಸ್ಟೆಡ್ ರಸ್ತೆ ಕೂಡುವ ವೃತ್ತ 20ನೇ ಶತಮಾನದ ಪೂರ್ವಾರ್ಧದಲ್ಲಿ ಶಿಕಾಗೊದ ಅತ್ಯಂತ ಜನನಿಬಿಡ ವ್ಯಾಪಾರ ಕೇಂದ್ರಗಳಲ್ಲಿ ಒಂದಾಗಿತ್ತು. 1960ರಲ್ಲಿ ಬಡಾವಣೆಯ ಜನಸಂಖ್ಯೆ 97 ಸಾವಿರಕ್ಕೂ ಹೆಚ್ಚು. 2020ರ ಜನಗಣತಿ ವೇಳೆಗೆ ಅದು ಸುಮಾರು 24 ಸಾವಿರಕ್ಕೆ ಕುಸಿದಿತ್ತು. ಕಾರ್ಖಾನೆಗಳು ಮುಚ್ಚಿದವು, ಬಿಳಿಯರು ಉಪನಗರಗಳಿಗೆ ವಲಸೆ ಹೋದರು, ಕಪ್ಪು ವರ್ಣೀಯರ ಬಡಾವಣೆಗಳಿಗೆ ಬ್ಯಾಂಕುಗಳು ಸಾಲ ನಿರಾಕರಿಸಿದವು. ಇವೆಲ್ಲವುಗಳ ಒಟ್ಟು ಪರಿಣಾಮವಿದು.

ಕಂಪನಿಗಳ ಲೆಕ್ಕಾಚಾರ

ದಿನಸಿ ವ್ಯಾಪಾರದಲ್ಲಿ ನಿವ್ವಳ ಲಾಭದ ಪ್ರಮಾಣ ಬಹಳ ಕಡಿಮೆ. ಸಾಮಾನ್ಯವಾಗಿ ನೂರು ಡಾಲರ್ ಮಾರಾಟಕ್ಕೆ 1ರಿಂದ 3 ಡಾಲರ್ ಮಾತ್ರ. ಹೀಗಾಗಿ ಜಾಗ ಆಯ್ಕೆಯಲ್ಲಿ ಕಂಪನಿಗಳು ಎಚ್ಚರ ವಹಿಸುತ್ತವೆ. ಜನಸಾಂದ್ರತೆ, ಕುಟುಂಬಗಳ ಆದಾಯ, ವಾಹನ ಸಂಚಾರ, ನಿಲುಗಡೆಗೆ ಸ್ಥಳ ಇವು ಎಲ್ಲರೂ ನೋಡುವ ಅಂಶಗಳು. ದುಬಾರಿ ಮಳಿಗೆಗಳು ಇವುಗಳ ಜತೆಗೆ ಸುತ್ತಮುತ್ತ ಎಷ್ಟು ಮಂದಿ ಪದವೀಧರರಿದ್ದಾರೆ ಎಂಬುದನ್ನೂ ಗಮನಿಸುತ್ತವೆ.

ಈ ಲೆಕ್ಕದಲ್ಲಿ ಬಡ ಬಡಾವಣೆಗಳಿಗೆ ಅನ್ಯಾಯವಾಗುತ್ತಿದೆ ಎಂಬ ವಾದವೂ ಇದೆ. ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1995ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಲಾ ಆದಾಯ ಕಡಿಮೆಯಿದ್ದರೂ ಜನ ಒತ್ತಾಗಿ ವಾಸಿಸುವ ಒಳನಗರಗಳಲ್ಲಿ ಒಟ್ಟು ಕೊಳ್ಳುವ ಶಕ್ತಿ ಗಣನೀಯವಾಗಿದೆ, ವ್ಯಾಪಾರಿಗಳು ಅದನ್ನು ಕಡೆಗಣಿಸಿದ್ದಾರೆ ಎಂದು ಪ್ರತಿಪಾದಿಸಿದ್ದರು. ಆದರೆ ಜನಸಂಖ್ಯೆಯೇ ಕರಗುತ್ತಿರುವ ಎಂಗಲ್‌ವುಡ್‌ನಂಥ ಕಡೆ ಈ ವಾದಕ್ಕೂ ಬಲ ಕಡಿಮೆ.

ಮಳಿಗೆ ಬಂದ ಬಗೆ

ಎಂಗಲ್‌ವುಡ್ ಯೋಜನೆಯನ್ನು 2013ರ ಸೆಪ್ಟೆಂಬರ್‌ನಲ್ಲಿ ಅಂದಿನ ಮೇಯರ್ ರಾಮ್ ಇಮ್ಯಾನ್ಯುಯೆಲ್ ಮತ್ತು ಹೋಲ್ ಫುಡ್ಸ್‌ನ ಸಹ ಮುಖ್ಯಸ್ಥ ವಾಲ್ಟರ್ ರಾಬ್ ಪ್ರಕಟಿಸಿದರು. ಬಹುಕಾಲ ಖಾಲಿ ಬಿದ್ದಿದ್ದ ನಿವೇಶನವನ್ನು ಸಜ್ಜುಗೊಳಿಸಲು ನಗರಾಡಳಿತ ಸುಮಾರು 1.07 ಕೋಟಿ ಡಾಲರ್ ವೆಚ್ಚ ಮಾಡಿತು. ಈ ಹಣ ಬಂದದ್ದು ‘ಟಿಫ್’ ಎಂಬ ನಿಧಿಯಿಂದ. ಒಂದು ಪ್ರದೇಶದ ಆಸ್ತಿ ತೆರಿಗೆಯಲ್ಲಿ ಉಂಟಾಗುವ ಹೆಚ್ಚಳವನ್ನು ಅದೇ ಪ್ರದೇಶದ ಅಭಿವೃದ್ಧಿಗೆ ಮೀಸಲಿಡುವ ವ್ಯವಸ್ಥೆಯಿದು. ಬಡ ಪ್ರದೇಶಗಳಲ್ಲಿ ಬಂಡವಾಳ ಹೂಡುವವರಿಗೆ ಕೇಂದ್ರ ಸರ್ಕಾರ ನೀಡುವ ತೆರಿಗೆ ರಿಯಾಯಿತಿಯೂ ಯೋಜನೆಯ ನೆರವಿಗೆ ಬಂತು.

ಇಷ್ಟು ದುಬಾರಿ ಮಳಿಗೆ ತಮಗೇಕೆ ಎಂಬ ಪ್ರಶ್ನೆ ನಿವಾಸಿಗಳಿಂದ ಆರಂಭದಲ್ಲೇ ಎದ್ದಿತ್ತು. ಕಂಪನಿ ಸಭೆಗಳನ್ನು ನಡೆಸಿ ಅಹವಾಲು ಆಲಿಸಿತು. ಸುಮಾರು 100 ಮಂದಿಗೆ ಉದ್ಯೋಗ ದೊರೆಯಿತು. ಸ್ಥಳೀಯ ಉದ್ಯಮಿಗಳ ಉತ್ಪನ್ನಗಳಿಗೆ ಕಪಾಟಿನಲ್ಲಿ ಸ್ಥಾನ ಸಿಕ್ಕಿತು. ಕೆಲವು ಮೂಲವಸ್ತುಗಳ ದರವನ್ನು ಇತರ ಶಾಖೆಗಳಿಗಿಂತ ಕಡಿಮೆ ಇಡಲಾಯಿತು. ಮಳಿಗೆಯ ವಿಸ್ತೀರ್ಣ ಸುಮಾರು 18,000 ಚದರ ಅಡಿ. ಕಂಪನಿಯ ಸಾಮಾನ್ಯ ಮಳಿಗೆಯ ಅರ್ಧಕ್ಕಿಂತ ಕಡಿಮೆ.

ಆರು ವರ್ಷಗಳ ಬಳಿಕ

2017ರ ಆಗಸ್ಟ್‌ನಲ್ಲಿ ಅಮೆಜಾನ್ ಕಂಪನಿಯು ಹೋಲ್ ಫುಡ್ಸ್ ಅನ್ನು 1,370 ಕೋಟಿ ಡಾಲರ್‌ಗೆ ಖರೀದಿಸಿತು. 2022ರ ಏಪ್ರಿಲ್‌ನಲ್ಲಿ ದೇಶದ ಆರು ಮಳಿಗೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ಎಂಗಲ್‌ವುಡ್ ಕೂಡ ಇತ್ತು. ಮಳಿಗೆಗಳ ಸಾಧನೆ ಹಾಗೂ ಬೆಳವಣಿಗೆಯ ಸಾಧ್ಯತೆಯನ್ನು ಆಗಾಗ ಪರಿಶೀಲಿಸುವುದು ವಾಡಿಕೆ ಎಂಬರ್ಥದ ವಿವರಣೆಯನ್ನಷ್ಟೇ ಕಂಪನಿ ನೀಡಿತು.

ಬಡಾವಣೆಯಲ್ಲೇ, 63ನೇ ರಸ್ತೆಯಲ್ಲಿ, ಅಗ್ಗದ ದರದ ಆಲ್ಡಿ ಮಳಿಗೆಯಿತ್ತು. ತಿಂಗಳ ಆದಾಯವನ್ನು ಎಣಿಸಿ ಖರ್ಚು ಮಾಡುವ ಕುಟುಂಬಗಳು ವಾರದ ಸಾಮಾನಿಗೆ ಅಲ್ಲಿಗೆ ಹೋಗುವುದು ಸಹಜವೇ. ಇತ್ತ ಹೋಲ್ ಫುಡ್ಸ್ ತೆರವಾದ ಕಟ್ಟಡಕ್ಕೆ ಅಗ್ಗದ ದರದ ಇನ್ನೊಂದು ಸರಪಳಿಯಾದ ಸೇವ್ ಎ ಲಾಟ್ ಬರಲಿದೆ ಎಂದಾಗ ಪ್ರತಿಭಟನೆ ನಡೆಯಿತು. ಆ ಸರಪಳಿಯ ಗುಣಮಟ್ಟದ ಬಗ್ಗೆ ನಿವಾಸಿಗಳಿಗೆ ಅಸಮಾಧಾನವಿತ್ತು. ತಮ್ಮ ಅಭಿಪ್ರಾಯ ಕೇಳಲಿಲ್ಲ ಎಂಬ ನೋವೂ ಇತ್ತು. ವಿಳಂಬದ ನಂತರ 2024ರಲ್ಲಿ ಆ ಮಳಿಗೆ ತೆರೆಯಿತು.

ಬೇರೆಡೆ ಆದದ್ದೇನು?

ಡೆಟ್ರಾಯಿಟ್‌ನ ಮಿಡ್‌ಟೌನ್‌ನಲ್ಲಿ 2013ರ ಜೂನ್ 5ರಂದು ಹೋಲ್ ಫುಡ್ಸ್ ಆರಂಭವಾಯಿತು. ಅಲ್ಲೂ ಸಾರ್ವಜನಿಕ ನೆರವು ಸಂದಾಯವಾಗಿತ್ತು. ಹತ್ತು ವರ್ಷ ಕಳೆದರೂ ಅದು ಮುಚ್ಚಲಿಲ್ಲ. ಆದರೆ ಮಿಡ್‌ಟೌನ್ ಬರೀ ಬಡ ಬಡಾವಣೆಯಲ್ಲ. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ದಿನವೂ ಸಾವಿರಾರು ಸಂಬಳದಾರರು ಬಂದು ಹೋಗುತ್ತಾರೆ.

ಶಿಕಾಗೊದ್ದೇ ಆದ ವುಡ್‌ಲಾನ್ ಬಡಾವಣೆಯದು ಬೇರೆ ದಾರಿ. ಎಂಗಲ್‌ವುಡ್ ಯೋಜನೆ ಕೈಗೊಂಡಿದ್ದ ಡಿಎಲ್3 ರಿಯಾಲ್ಟಿ ಸಂಸ್ಥೆಯೇ ಅಲ್ಲಿಗೆ ಜೂವೆಲ್ ಆಸ್ಕೊ ಎಂಬ ಮಧ್ಯಮ ದರದ ಮಳಿಗೆಯನ್ನು ಕರೆತಂದಿತು. 2019ರ ಮಾರ್ಚ್‌ನಲ್ಲಿ ತೆರೆದ ಅದರ ವಿಸ್ತೀರ್ಣ ಸುಮಾರು 48,000 ಚದರ ಅಡಿ. ನಾಲ್ಕು ದಶಕಗಳಿಗೂ ಹೆಚ್ಚು ಕಾಲದ ಬಳಿಕ ವುಡ್‌ಲಾನ್‌ಗೆ ಪೂರ್ಣ ಪ್ರಮಾಣದ ದಿನಸಿ ಮಳಿಗೆ ದೊರೆತಂತಾಯಿತು.

ಊಟದ ರೂಢಿ ಬದಲಾಗುವುದೇ?

ಮಳಿಗೆ ಬಂದ ಮಾತ್ರಕ್ಕೆ ಜನರ ಆಹಾರ ಪದ್ಧತಿ ಸುಧಾರಿಸುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಫಿಲಡೆಲ್ಫಿಯಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊಸ ಮಳಿಗೆ ಬಂದ ಮೇಲೆ ಒಳ್ಳೆಯ ಆಹಾರ ಹತ್ತಿರದಲ್ಲೇ ಸಿಗುತ್ತದೆಂಬ ಭಾವನೆ ಹೆಚ್ಚಿತಾದರೂ ಹಣ್ಣು, ತರಕಾರಿ ಸೇವನೆಯಲ್ಲಿ ಗಮನಾರ್ಹ ಬದಲಾವಣೆ ಕಂಡುಬರಲಿಲ್ಲ. ಶ್ರೀಮಂತರಿಗೆ ಲಭ್ಯವಿರುವ ಪದಾರ್ಥಗಳೇ ಅದೇ ದರಕ್ಕೆ ಬಡವರಿಗೂ ದೊರೆತರೆ ಪೌಷ್ಟಿಕತೆಯ ಅಂತರ ಸುಮಾರು ಶೇ 10ರಷ್ಟು ಮಾತ್ರ ತಗ್ಗುತ್ತದೆ ಎಂದು ಅರ್ಥಶಾಸ್ತ್ರಜ್ಞರ ತಂಡವೊಂದು 2019ರಲ್ಲಿ ಅಂದಾಜಿಸಿತು.

ಹಾಗೆಂದು ಮಳಿಗೆ ಬೇಡವೆಂದಲ್ಲ. ಕಾರಿಲ್ಲದ ವೃದ್ಧರಿಗೆ ಎರಡು ಬಸ್ ಬದಲಿಸದೆ ಹಾಲು, ಸೊಪ್ಪು ಸಿಗುವುದು ದೊಡ್ಡ ಅನುಕೂಲ. ಮನೆಯ ಹತ್ತಿರವೇ ಸಿಗುವ ಉದ್ಯೋಗದ ಬೆಲೆಯೂ ಕಡಿಮೆಯಲ್ಲ.

ಕರೆಯುವ ಮುನ್ನ

ಈ ಪ್ರಕರಣಗಳಿಂದ ಸ್ಪಷ್ಟವಾಗುವ ಸಂಗತಿಗಳು ಮೂರು. ಮೊದಲನೆಯದು, ಸಾರ್ವಜನಿಕ ಹಣದಿಂದ ನಿವೇಶನ ಸಿದ್ಧಪಡಿಸಬಹುದು, ಗ್ರಾಹಕರನ್ನು ಸೃಷ್ಟಿಸಲಾಗದು. ಕರೆಯುವ ಮಳಿಗೆಯ ದರ ನಿವಾಸಿಗಳ ಆದಾಯಕ್ಕೆ ಹೊಂದಬೇಕು. ಎರಡನೆಯದು, ನೆರವು ನೀಡುವಾಗಲೇ ಮಳಿಗೆ ಎಷ್ಟು ವರ್ಷ ನಡೆಯಬೇಕು, ತೊರೆದರೆ ಮುಂದೇನು ಎಂಬುದು ಒಪ್ಪಂದದಲ್ಲಿರಬೇಕು. ಮೂರನೆಯದು, ನಿವಾಸಿಗಳ ಅಭಿಪ್ರಾಯವನ್ನು ಉದ್ಘಾಟನೆಗೆ ಮುನ್ನ ಮಾತ್ರವಲ್ಲ, ಮಳಿಗೆ ಬದಲಾಗುವಾಗಲೂ ಕೇಳಬೇಕು.

ಒಂದು ಹೆಸರಾಂತ ನಾಮಫಲಕ ಬಡಾವಣೆಯ ಗೌರವ ಹೆಚ್ಚಿಸುತ್ತದೆ ನಿಜ. ಅದನ್ನು ಇಳಿಸಿದ ದಿನ ಆಗುವ ನಷ್ಟ ಬರೀ ಅಂಗಡಿಯದಲ್ಲ ಎಂಬುದನ್ನು ಎಂಗಲ್‌ವುಡ್ ಕಂಡುಕೊಂಡಿದೆ.