ಲಂಡನ್ನಿನ ಕೋಟಾ, ಪಾಂಪಾದ ದನ

1935ರ ಜುಲೈ 23ರಂದು ಅರ್ಜೆಂಟೀನಾದ ಸೆನೆಟ್ ಸಭಾಂಗಣದಲ್ಲಿ ಗುಂಡು ಹಾರಿತು. ಸೆನೆಟರ್ ಆಗಿ ಚುನಾಯಿತರಾಗಿದ್ದ ಎಂಜೊ ಬೋರ್ದಾಬೇರೆ ಅದಕ್ಕೆ ಬಲಿಯಾದರು. ಅಂದು ಸದನದಲ್ಲಿ ನಡೆಯುತ್ತಿದ್ದುದು ದನದ ಮಾಂಸದ ವ್ಯಾಪಾರ ಕುರಿತ ಚರ್ಚೆ. ಆ ಜಗಳದ ಬೇರು ಇದ್ದದ್ದು ಸಾವಿರಾರು ಮೈಲಿ ಆಚೆಯ ಲಂಡನ್ನಿನಲ್ಲಿ.

ಶೈತ್ಯಾಗಾರವುಳ್ಳ ಹಡಗುಗಳು ಬಂದ ಮೇಲೆ ಅರ್ಜೆಂಟೀನಾದ ಪಾಂಪಾ ಹುಲ್ಲುಗಾವಲು ಬ್ರಿಟಿಷರಿಗೆ ಮಾಂಸದ ಕಣಜವಾಯಿತು. ಹೆಪ್ಪುಗಟ್ಟಿಸಿದ ಮಾಂಸಕ್ಕಿಂತ ಬರೀ ತಂಪಾಗಿಟ್ಟು ಸಾಗಿಸಿದ ಮಾಂಸಕ್ಕೆ ಬೆಲೆ ಹೆಚ್ಚು. ಆದರೆ ಅದು ಕೆಲವೇ ವಾರ ಕೆಡದೆ ಉಳಿಯುತ್ತದೆ. ಅದರ ದೊಡ್ಡ ಗಿರಾಕಿ ಬ್ರಿಟನ್ ಒಂದೇ. ನಮ್ಮ ರೈತರೂ ಬಲ್ಲ ಕಾಲುಬಾಯಿ ಜ್ವರದ ಕಾರಣಕ್ಕೆ ಅಮೆರಿಕ ಅರ್ಜೆಂಟೀನಾದ ಹಸಿ ಮಾಂಸಕ್ಕೆ ಆಗಲೇ ಬಾಗಿಲು ಮುಚ್ಚಿತ್ತು.

1932ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೇಶಗಳು ಸಭೆ ಸೇರಿದವು. ಭಾರತದ ಪ್ರತಿನಿಧಿಗಳೂ ಅಲ್ಲಿದ್ದರು. ಸಾಮ್ರಾಜ್ಯದೊಳಗಿನ ಸರಕಿಗೇ ಮೊದಲ ಮಣೆ ಎಂದು ತೀರ್ಮಾನವಾಯಿತು. ಹೊರಗಿನ ಅರ್ಜೆಂಟೀನಾ ಗಾಬರಿಗೊಂಡು ಉಪಾಧ್ಯಕ್ಷ ಹೂಲಿಯೊ ರೋಕಾ ಅವರನ್ನು ಲಂಡನ್ನಿಗೆ ಕಳಿಸಿತು. 1933ರ ಮೇ 1ರಂದು ಬ್ರಿಟನ್ನಿನ ವಾಣಿಜ್ಯ ಸಚಿವ ವಾಲ್ಟರ್ ರನ್ಸಿಮನ್ ಜೊತೆ ಒಪ್ಪಂದವಾಯಿತು. 1932ರ ಜೂನ್‌ಗೆ ಮುಗಿದ ವರ್ಷದಷ್ಟು ಮಾಂಸ ಕೊಳ್ಳಲು ಬ್ರಿಟನ್ ಒಪ್ಪಿತು. ಬದಲಿಗೆ ಬ್ರಿಟಿಷ್ ಸರಕುಗಳಿಗೆ ಸುಂಕದ ರಿಯಾಯಿತಿ ಸಿಕ್ಕಿತು. ಕೋಟಾದ ಶೇ 85ರಷ್ಟು ವಿದೇಶಿ ಮಾಂಸ ಕಂಪೆನಿಗಳ ಪಾಲಿಗೇ ಉಳಿಯಿತು.

ಮಾರುಕಟ್ಟೆಯೇನೋ ಉಳಿಯಿತು. ಆದರೆ ಅದರಿಂದ ಉಳಿದವರು ಯಾರು? ಅಲ್ಲಿ ದನ ಸಾಕುವವರಲ್ಲಿ ಎರಡು ವರ್ಗ. ಒಬ್ಬರು ಕರು ಹುಟ್ಟಿಸಿ ಬೆಳೆಸುವವರು; ಇನ್ನೊಬ್ಬರು ಆ ಬಡಕಲು ದನಗಳನ್ನು ಕೊಂಡು, ಒಳ್ಳೆಯ ಹುಲ್ಲಿನಲ್ಲಿ ಕೊಬ್ಬಿಸಿ ಕಂಪೆನಿಗಳಿಗೆ ಮಾರುವವರು. ಕೊಳ್ಳುವ ಪ್ರಮಾಣಕ್ಕೆ ಮಿತಿ, ಕೊಳ್ಳುವ ಕಂಪೆನಿಗಳು ಬೆರಳೆಣಿಕೆಯಷ್ಟು. ಹೀಗಾಗಿ ಕಂಪೆನಿಗಳು ಹೇಳಿದ್ದೇ ಬೆಲೆ. ಅವು ಬೆಲೆ ಇಳಿಸಿದಾಗ ಕೊಬ್ಬಿಸುವವರು ಆ ನಷ್ಟವನ್ನು ಕರು ಸಾಕುವವರ ಮೇಲೆ ದಾಟಿಸಬಹುದಿತ್ತು. ಕರು ಸಾಕುವವರಿಗೆ ದಾಟಿಸಲು ಯಾರೂ ಇರಲಿಲ್ಲ. ಮೇವು ಮುಗಿದರೆ ಸಿಕ್ಕ ಬೆಲೆಗೆ ಮಾರಲೇಬೇಕು.

ಸೆನೆಟರ್ ಲಿಸಾಂದ್ರೊ ದೆ ಲಾ ಟೊರ್ರೆ ತನಿಖೆಗೆ ಹಟ ಹಿಡಿದದ್ದು ಇವರ ಪರವಾಗಿ. ಕಂಪೆನಿಗಳು ತೆರಿಗೆ ವಂಚಿಸುತ್ತಿವೆ, ಅಧಿಕಾರಸ್ಥರ ದನಗಳಿಗೆ ಮಾತ್ರ ಒಳ್ಳೆಯ ಬೆಲೆ ಕೊಡುತ್ತಿವೆ ಎಂದು ಅವರು ಆಪಾದಿಸಿದರು. ಕಂಪೆನಿಯೊಂದರ ಲೆಕ್ಕಪತ್ರಗಳು ಡಬ್ಬಿ ಮಾಂಸದ ಗುರುತಿನ ಪೆಟ್ಟಿಗೆಗಳಲ್ಲಿ, ಹಡಗಿನೊಳಗೆ ಸಿಕ್ಕಿಬಿದ್ದವು. ಸದನದಲ್ಲಿ ನೂಕಾಟವಾಗಿ ದೆ ಲಾ ಟೊರ್ರೆ ಕೆಳಗೆ ಬಿದ್ದರು. ನೆರವಿಗೆ ಧಾವಿಸಿದ ಶಿಷ್ಯ ಬೋರ್ದಾಬೇರೆಗೆ ಮಾಜಿ ಪೊಲೀಸನೊಬ್ಬ ಗುಂಡಿಕ್ಕಿದ.

ಆಮದು ನಿರ್ಬಂಧವೆಂದರೆ ಎರಡು ದೇಶಗಳ ನಡುವಿನ ವ್ಯವಹಾರ ಎಂದೇ ನಾವು ಭಾವಿಸುತ್ತೇವೆ. ಅದರ ಭಾರವನ್ನು ದೇಶದೊಳಗೆ ಯಾರು ಹೊರಬೇಕೆಂಬ ಪ್ರಶ್ನೆಯನ್ನು ಒಪ್ಪಂದಗಳು ಕೇಳುವುದಿಲ್ಲ. ಪಾಂಪಾದಲ್ಲಿ ಅದು ಬಿದ್ದದ್ದು ಮಾರುಕಟ್ಟೆಯಿಂದ ಅತಿ ದೂರ ನಿಂತವನ ಹೆಗಲ ಮೇಲೆ.