ಮಲೇಷ್ಯಾದ ಹಾಲುಬಿಳಿ ಕೊಕ್ಕರೆ ಮತ್ತು ಶಾಲಾ ಮಕ್ಕಳು

ಮಂಡ್ಯ, ಮದ್ದೂರು ಕಡೆಯವರಿಗೆ ಕೊಕ್ಕರೆ ಬೆಳ್ಳೂರಿನ ಪರಿಚಯ ಹೇಳಬೇಕಾಗಿಲ್ಲ. ಅಲ್ಲಿ ಹೆಜ್ಜಾರ್ಲೆಗಳ ಜೊತೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗೆ ಮಲೇಷ್ಯಾದಲ್ಲಿ ಒಬ್ಬ ದಾಯಾದಿ ಇದ್ದಾನೆ. ಮೈಯೆಲ್ಲ ಹಾಲಿನ ಬಿಳುಪು, ರೆಕ್ಕೆಯ ಅಂಚು ಕಪ್ಪು, ಮುಖ ಕೆಂಪು, ಕೊಕ್ಕು ಹಳದಿ. ಮಲಯ ಭಾಷೆಯಲ್ಲಿ ಇದರ ಹೆಸರು ‘ಬುರುಂಗ್ ಉಪೆ’. ಜಗತ್ತಿನಲ್ಲಿ ಅಳಿವಿನಂಚಿನಲ್ಲಿರುವ ಹಕ್ಕಿಗಳಲ್ಲಿ ಇದೂ ಒಂದು.

ಈ ಹಕ್ಕಿಯ ಊಟದ ತಟ್ಟೆ ಎಂದರೆ ಸಮುದ್ರದಂಚಿನ ಕೆಸರು. ಭರತ ಇಳಿದಾಗ ಬಯಲಾಗುವ ಕೆಸರಿನಲ್ಲಿ ಕೊಕ್ಕನ್ನು ಅರೆ ತೆರೆದು ತಡಕಾಡುತ್ತದೆ. ಮೀನು ತಾಗಿದ ಕೂಡಲೇ ಕಚ್ಚುತ್ತದೆ. ಗೂಡಿಗೆ ಬೇಕಾಗುವುದು ಕಾಂಡ್ಲಾ ಕಾಡಿನ ಹಳೆಯ, ಎತ್ತರದ ಮರಗಳು. ಕೆಸರು, ಕಾಡು ಎರಡೂ ಹತ್ತಿರದಲ್ಲಿರಬೇಕು.

ಪೆರಾಕ್ ರಾಜ್ಯದ ಮಾತಾಂಗ್‌ನಲ್ಲಿ ಸುಮಾರು 40,000 ಹೆಕ್ಟೇರ್ ಕಾಂಡ್ಲಾ ಕಾಡಿದೆ. 1980ರ ದಶಕದಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಹಾಲುಬಿಳಿ ಕೊಕ್ಕರೆಗಳನ್ನು ಎಣಿಸಿದ್ದರು. 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ. ಗೂಡುಮರಗಳ ಕೊರತೆ, ಸಿಗಡಿ ಕೊಳಗಳಿಗಾಗಿ ಕರಾವಳಿಯ ಒತ್ತುವರಿ, ಜನರ ಕಾಟ ಎಲ್ಲವೂ ಸೇರಿ ಹೀಗಾಯಿತು.

ಕೌಲಾಲಂಪುರದ ನೆಗಾರಾ ಮೃಗಾಲಯ 1987ರಲ್ಲಿ ಇವುಗಳ ಮರಿ ಮಾಡಿಸಲು ತೊಡಗಿತು. 1998ರಲ್ಲಿ ಕೌಲಾ ಸೆಲಂಗೋರ್‌ನಲ್ಲಿ, 2007ರಲ್ಲಿ ಮಾತಾಂಗ್‌ಗೆ ಸೇರಿದ ಕೌಲಾ ಗುಲಾದಲ್ಲಿ ಹಕ್ಕಿಗಳನ್ನು ಹೊರಬಿಟ್ಟರು. ಮೃಗಾಲಯದಲ್ಲಿ ನಮ್ಮ ಬಣ್ಣದ ಕೊಕ್ಕರೆಯೊಂದಿಗೆ ಕೂಡಿ ಮಿಶ್ರ ತಳಿ ಹುಟ್ಟಿದ್ದು ಇನ್ನೊಂದು ತೊಡಕು. ಅದಕ್ಕಿಂತ ದೊಡ್ಡ ಪ್ರಶ್ನೆ: ಬಿಟ್ಟ ಹಕ್ಕಿ ತಿನ್ನುವುದೇನು? ಕಾಯಿಲೆಗೆ ಮದ್ದು ಕೊಟ್ಟು ಪಥ್ಯ ಹೇಳದಿದ್ದರೆ ಗುಣ ನಿಲ್ಲುವುದಿಲ್ಲ ಎಂಬುದು ಔಷಧಾಲಯದಲ್ಲಿ ನಿಲ್ಲುವ ನಮಗೆ ಗೊತ್ತು. ಇಲ್ಲಿ ಪಥ್ಯವೆಂದರೆ ಕೆಸರಿನ ಕಾವಲು.

ಆ ಕಾವಲಿಗೆ ಶಾಲೆ ಬಂತು. 1940ರಲ್ಲಿ ಹುಟ್ಟಿದ ಮಲೇಷ್ಯಾ ನಿಸರ್ಗ ಸಂಘವು 1991ರಿಂದ ಶಿಕ್ಷಣ ಇಲಾಖೆಯ ಜೊತೆಗೂಡಿ ಶಾಲೆಗಳಲ್ಲಿ ‘ಕೆಲಬ್ ಪೆಂಚಿಂತಾ ಆಲಂ’, ಅಂದರೆ ನಿಸರ್ಗಪ್ರೇಮಿಗಳ ಕೂಟ, ಕಟ್ಟಿತು. ಕೌಲಾ ಸೆಲಂಗೋರ್ ನಿಸರ್ಗಧಾಮಕ್ಕೆ ಶಾಲಾ ಮಕ್ಕಳು ಬಂದು ಹಕ್ಕಿ ನೋಡುತ್ತಾರೆ, ಕೆಸರಿನ ಜೀವಿಗಳನ್ನು ಗುರುತಿಸುತ್ತಾರೆ. ಕೌಲಾ ಗುಲಾದಲ್ಲಿ ಊರವರು ಕಾಂಡ್ಲಾ ಸಸಿ ಬೆಳೆಸಿ ನೆಡಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಸಸಿ ನೆಡಬೇಕಾದದ್ದು ಕಾಡು ಕಳೆದುಹೋದ ಜಾಗದಲ್ಲಿ. ತೆರೆದ ಕೆಸರುಬಯಲಿನ ತುಂಬ ನೆಟ್ಟರೆ ಹಕ್ಕಿಯ ತಟ್ಟೆಯನ್ನೇ ಮುಚ್ಚಿದಂತೆ. ಖಾಲಿ ಕಾಣುವ ನೆಲವೆಲ್ಲ ಪಾಳಲ್ಲ ಎಂಬ ಈ ಪಾಠ ಮಕ್ಕಳಿಗೆ ಬೇಗ ಹಿಡಿಯುತ್ತದೆ. ಮೀನುಗಾರನ ಮಗಳೊಬ್ಬಳು ಅದನ್ನು ಮನೆಗೊಯ್ದರೆ ಸರ್ಕಾರಿ ಫಲಕಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಕೊಕ್ಕರೆ ಬೆಳ್ಳೂರಿಗೂ ಇದೇ ಮಾತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಊರಿನ ಮರ ಉಳಿದರೂ ಸುತ್ತಲಿನ ಕೆರೆಗಳು ಕೆಟ್ಟರೆ ಹಕ್ಕಿಗೆ ಮೀನಿಲ್ಲ. ದುಬೈನವರಿಗೆ ರಾಸ್ ಅಲ್ ಖೋರ್‌ನ ಕೆಸರೂ ರಾಜಹಂಸಗಳೂ ಹತ್ತಿರದಲ್ಲೇ ಇವೆ. ಬರುವ ವಾರಾಂತ್ಯದಲ್ಲಿ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಬದಲು ಅಲ್ಲಿಗೆ ಕರೆದೊಯ್ಯಿರಿ. ರಜೆಗೆ ಊರಿಗೆ ಹೋದಾಗ ನಿಮ್ಮೂರ ಕೆರೆಯನ್ನೂ ತೋರಿಸಿ.