ಗೇರು ಬದಲಿಸುವ ವಿದ್ಯೆ

ಮೋಟಾರುಗಾಡಿಯ ಗೇರನ್ನು ಬದಲಿಸುವುದು ಈಗ ಸುಲಭಕಾರ್ಯವಾಗಿದ್ದರೂ, ಪೂರ್ವದಲ್ಲಿ ಅದು ಅಭ್ಯಾಸಬಲದಿಂದಲೇ ಸಾಧಿಸತಕ್ಕ ವಿದ್ಯೆಯಾಗಿತ್ತೆಂಬುದನ್ನು ವಾಚಕಮಹಾಶಯರು ಅವಧರಿಸಬೇಕು.

1891ರಲ್ಲಿ ಫ್ರಾನ್ಸಿನ ಪನಾರ್-ಲೆವಾಸೋರ್ ಸಂಸ್ಥೆಯವರು ಎಂಜಿನನ್ನು ಗಾಡಿಯ ಮುಂಭಾಗದಲ್ಲಿಟ್ಟು, ಹಲ್ಲುಚಕ್ರಗಳನ್ನು ಸರಿಸಿ ಕೂಡಿಸುವ ಏರ್ಪಾಡನ್ನು ಮಾಡಿದರು. ಸಮವೇಗದಲ್ಲಿ ತಿರುಗದ ಚಕ್ರಗಳನ್ನು ಕೂಡಿಸಹೋದರೆ ಹಲ್ಲುಗಳು ಕರಕರನೆ ಉಜ್ಜಿ ಸವೆಯುತ್ತಿದ್ದುವು. ಇದರ ಪರಿಹಾರಾರ್ಥವಾಗಿ ಹುಟ್ಟಿದುದೇ ಎರಡು ಬಾರಿ ಕ್ಲಚ್ಚು ತುಳಿಯುವ ಕ್ರಮ. ಕೆಳಗಿನ ಗೇರಿಗೆ ಇಳಿಯುವಾಗ ಚಾಲಕನು ಕ್ಲಚ್ಚು ತುಳಿದು, ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಬಿಟ್ಟು, ಎಂಜಿನಿನ ವೇಗವನ್ನು ತಕ್ಕಷ್ಟು ಏರಿಸಿ, ಮರಳಿ ಕ್ಲಚ್ಚು ತುಳಿದು ಗೇರು ಕೂಡಿಸಬೇಕಾಗಿತ್ತು. ಮೇಲಿನ ಗೇರಿಗಾದರೆ ಆ ವೇಗವು ತಗ್ಗುವವರೆಗೆ ಕ್ಷಣಕಾಲ ತಡೆಯಬೇಕು. ಆ ಮಾತ್ರೆಯನ್ನು ತಿಳಿಯಲು ಕಿವಿಯೇ ಪ್ರಮಾಣ. ಘಟ್ಟದ ಇಳಿಜಾರಿನಲ್ಲಿ ಗೇರು ಕೂಡದೆ ಹೋದರೆ ಎಂಜಿನಿನ ತಡೆಯು ತಪ್ಪಿ, ಗಾಡಿಯನ್ನು ಹಿಡಿಯುವ ಹೊಣೆಯೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತಿತ್ತು. ಆದಕಾರಣ ಇಳಿಜಾರಿಗೆ ಮೊದಲೇ ಗೇರು ಇಳಿಸಿಕೊಳ್ಳುವುದು ವಿವೇಕಿಯ ಲಕ್ಷಣವಾಗಿತ್ತು.

1908ರಲ್ಲಿ ಹೊರಟ ಫೋರ್ಡ್ ‘ಟಿ’ ಗಾಡಿಯ ರೀತಿಯೇ ಬೇರೆ. ಎಡಗಾಲಿನ ಪೆಡಲನ್ನು ಪೂರ್ತಿಯಾಗಿ ತುಳಿದರೆ ಕೆಳಗಿನ ಗೇರು, ಬಿಟ್ಟರೆ ಮೇಲಿನ ಗೇರು. ಮುಂದಕ್ಕೆ ಇದ್ದುವು ಇವೆರಡೇ.

1928ರಲ್ಲಿ ಅಮೆರಿಕೆಯ ಕ್ಯಾಡಿಲ್ಯಾಕ್ ಗಾಡಿಗೆ ಅರ್ಲ್ ಥಾಂಪ್ಸನ್ನರ ಸಿಂಕ್ರೋಮೆಶ್ ಬಂದಿತು. ಇದರಲ್ಲಿ ಹಲ್ಲುಗಳು ಕೂಡುವ ಮುನ್ನವೇ ಶಂಕುವಿನಾಕಾರದ ಮೈಗಳು ಒಂದನ್ನೊಂದು ಒತ್ತಿ ವೇಗವನ್ನು ಸಮಗೊಳಿಸುತ್ತವೆ. ಕಿವಿಯ ಕೆಲಸವನ್ನು ಯಂತ್ರವೇ ವಹಿಸಿಕೊಂಡಿತು. ಆದರೂ ಬಹುಕಾಲ ಅನೇಕ ಗಾಡಿಗಳ ಮೊದಲನೆಯ ಗೇರಿಗೆ ಈ ಸೌಕರ್ಯವಿರಲಿಲ್ಲ.

ಹೀಗೆ ಹಳೆಯ ವಿದ್ಯೆಯು ಮರೆಯಾಯಿತು; ಘಟ್ಟದ ನಿಯಮವು ಮಾತ್ರ ಮರೆಯಾಗಿಲ್ಲ. ಇಳಿಜಾರನ್ನು ಮುಂದಾಗಿ ಕಂಡು ಗೇರು ಇಳಿಸತಕ್ಕವನು ಇಂದಿಗೂ ಚಾಲಕನೇ.